ಆರನೇ ಹಾಡಿನ ಒಡಕು ದನಿ

ಕೆಂಗೇರಿ
ಬುಧವಾರ, ೧೨ ನವೆಂಬರ್ ೨೦೨೫

ಮುದ್ದಿನ ಮೊಮ್ಮಗಳು ಚೈತ್ರಾ,

ಹೇಗಿದ್ದೀಯೇ? ಪುಣೆಯಲ್ಲಿ ಚಳಿ ಶುರುವಾಗಿದೆಯಂತೆ, ನಿಮ್ಮಪ್ಪ ಫೋನಿನಲ್ಲಿ ನೋಡಿ ಹೇಳಿದ. ನೀನು ತೆಗೆದುಕೊಂಡು ಹೋಗಿರುವುದು ತೋಳಿಲ್ಲದ ನಾಲ್ಕು ಬನಿಯನ್ನು, ಮೊಣಕಾಲು ಹರಿದ ಎರಡು ಪ್ಯಾಂಟು. ಬೀರು ತೆಗೆದು ನೋಡಿದೆ, ಸ್ವೆಟರು ಇಲ್ಲೇ ಮಲಗಿದೆ. ಹೊಟ್ಟೆಗೆ ಏನು ತಿನ್ನುತ್ತೀ? ಆ ಗೌತಮ್ ಡ್ರಮ್ ಬಾರಿಸುವುದರಲ್ಲಿ ಗಟ್ಟಿಗನೇ ಇರಬಹುದು, ಆದರೆ ನೀವು ತಾಲೀಮಿಗೆಂದು ಇಳಿದುಕೊಂಡಿರುವ ಅವನ ಅಣ್ಣನ ಮನೆಯಲ್ಲಿ ಮೂರು ಹೊತ್ತೂ ನೂಡಲ್ಸೇ ಎಂದು ನೀನೇ ಹೇಳಿದ್ದೆ. ಮುದ್ದೆ ಇಲ್ಲದಿದ್ದರೆ ಹೋಗಲಿ, ಅನ್ನ ಸಾರಾದರೂ ಮಾಡಿಕೊಳ್ಳಿ. ಗಿಟಾರ್ ತಂತಿ ತಾಗಿ ಬೆರಳು ಸೀಳಿತ್ತಲ್ಲ, ಮಾಯಿತೇ? ಗಂಟಲು ಹೇಗಿದೆ? ಇಷ್ಟು ಕೇಳಿದ್ದರಲ್ಲಿ ಕೊನೆಯದಕ್ಕೆ ಮಾತ್ರ ನನಗೆ ನಿಜವಾದ ಉತ್ತರ ಬೇಕು. ಈ ಕಾಗದ ಬರೆಯಲು ಕೂತಿದ್ದೇ ಅದಕ್ಕೆ. ಆದರೂ ಬೇರೆ ಸುದ್ದಿ ಹೇಳದೆ ನೇರವಾಗಿ ಅಲ್ಲಿಗೇ ಬಂದರೆ ನೀನು ಅರ್ಧಕ್ಕೆ ಮಡಿಸಿಡುತ್ತೀ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಮ್ಮನ ಸೊಂಟನೋವು ಕಡಿಮೆಯಾಗಿದೆ. ನಿಮ್ಮ ಗುಜರಿ ಬ್ಯಾಂಡಿನ ಹೊಸ ಆಲ್ಬಂ ಬಂದು ಇವತ್ತಿಗೆ ಹನ್ನೆರಡು ದಿನವಾಯಿತು. ಹೆತ್ತವರು ಚೆಂದದ ಹೆಸರಿಟ್ಟು ಸಾಕಿದ ನಾಲ್ಕು ಮಕ್ಕಳು ಸೇರಿ ನಿಮಗೆ ನೀವೇ ಗುಜರಿ ಎಂದು ಹೆಸರಿಟ್ಟುಕೊಂಡಿರಿ, ಅದಕ್ಕೆ ನಾನು ಈಗ ಒಗ್ಗಿಹೋಗಿದ್ದೇನೆ. ಆಲ್ಬಮ್ಮಿಗೆ ‘ನೀರು ಬರೋ ದಿನ’ ಎಂಬ ಹೆಸರು ಮಾತ್ರ ಬೀದಿಗೆಲ್ಲ ಹಿಡಿಸಿದೆ. ಎದುರು ಮನೆಯ ರಕ್ಷಾ, ನಿನ್ನ ಜೊತೆ ಕಾಲೇಜಿಗೆ ಹೋಗುತ್ತಿದ್ದವಳು, ಮೊದಲ ದಿನವೇ ಒಂದು ಸ್ಪೀಕರ್ ತಂದು ನಮ್ಮ ಜಗಲಿಯ ಮೇಲಿಟ್ಟು ಒಂಬತ್ತು ಹಾಡನ್ನೂ ಹಾಕಿದಳು. ಸಂಜೆ ಐದು ಗಂಟೆ, ಎಲ್ಲರೂ ಹೊರಗಿದ್ದರು. ಪಕ್ಕದ ಮನೆಯ ರೇವಣಸಿದ್ದಯ್ಯ ಮೇಷ್ಟ್ರು ಕೈಗಡಿಯಾರ ನೋಡಿಕೊಂಡೇ ಕೇಳಿದರು. ಮುಗಿದ ಮೇಲೆ, “ಏನ್ ಲಿಂಗಮ್ಮನೋರೇ, ಒಂದೊಂದು ಹಾಡೂ ಎರಡೇ ನಿಮಿಷ. ಶುರುವಾಯ್ತು ಅನ್ನೋದ್ರೊಳಗೆ ಮುಗ್ದೇ ಹೋಗುತ್ತಲ್ಲ” ಎಂದರು. ಗಣಿತದ ಮೇಷ್ಟ್ರು, ಅಳತೆ ಬಿಟ್ಟು ಇನ್ನೇನು ಕಂಡೀತು. ಆದರೆ ಮೂರನೇ ದಿನ ಬೆಳಿಗ್ಗೆ ಅವರೇ ಬಂದು ರಸ್ತೆ ಅಗೆಯುವವರ ಮೇಲಿನ ಆ ನಾಲ್ಕನೇ ಹಾಡನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಹೋದರು. ಪಾರ್ಕಿನಲ್ಲಿ ವಾಕಿಂಗ್ ಮಾಡುವ ಅಷ್ಟೂ ಜನಕ್ಕೆ ಕೇಳಿಸಿದ್ದಾರಂತೆ. ನಿಮ್ಮಪ್ಪ ಭೈರೇಶನ ಕಥೆ ಕೇಳಬೇಡ. ಯಾರಾದರೂ ಕೇಳಿದರೆ “ಅದೇನೋ ಕಿರ್‌ಚಾಡ್ತಾರೆ ಬಿಡಿ, ಈಗಿನ್ ಮಕ್ಳು” ಎಂದು ತೇಲಿಸುತ್ತಾನೆ, ಸ್ಕೂಟರ್ ಒರೆಸುವಾಗ ಎರಡನೇ ಹಾಡನ್ನು ಒಂದಕ್ಷರ ಬಿಡದೆ ಗುನುಗುತ್ತಾನೆ. ನಾನು ಬಾಗಿಲಿಗೆ ಬಂದರೆ ಕೆಮ್ಮುತ್ತಾನೆ.

ನನಗೆ ನಿಮ್ಮ ಗಲಾಟೆ ಹೊಸದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಬಾನೆ ಎಂದರೆ ಬರೀ ಅರಿಶಿನ ಕುಂಕುಮದ ಹಾಡು ಎಂದು ಈಗಿನವರು ತಿಳಿದಿದ್ದಾರೆ. ನಮ್ಮ ಕಾಲದಲ್ಲಿ ಬೀಗರನ್ನು ಹಂಗಿಸುವ ಪದ ಇಲ್ಲದೆ ಮದುವೆಯೇ ಆಗುತ್ತಿರಲಿಲ್ಲ. ಗಂಡಿನ ಕಡೆಯವರನ್ನು ಚಪ್ಪರದೊಳಗೆ ಕೂರಿಸಿ, ಅವರ ಮೀಸೆಯಿಂದ ಹಿಡಿದು ಅವರು ತಂದ ತೆಳ್ಳನೆಯ ಸೀರೆಯವರೆಗೆ ಎದುರೆದುರೇ ಮಾನ ಕಳೆಯುತ್ತಿದ್ದೆವು. ಅವರು ನಗಲೂ ಆಗದೆ ಏಳಲೂ ಆಗದೆ ಕೂತಿರಬೇಕು. ನೀವು ಕಾರ್ಪೊರೇಷನ್ನಿನವರನ್ನು ಬೈಯುವುದು ಕೇಳಿದಾಗ ನನಗೆ ಆ ಚಪ್ಪರವೇ ಎದುರಿಗೆ ಬಂತು. ನಿಮಗೆ ವಿದ್ಯುತ್ತಿನ ಬಲ ಇದೆ, ನಮಗೆ ಬರೀ ಗಂಟಲು ಇತ್ತು. ನಿನ್ನ ಮೊದಲನೇ ಆಲ್ಬಮ್ಮಿನ ಕೂಗು ನನಗೆ ತುಂಬ ಇಷ್ಟವಾಗಿತ್ತು ಕಣೇ, ತುಂಬಿದ ಕೊಡದ ಹಾಗೆ ಒಂದು ಕಡೆಯೂ ಸೋರದ ಕೂಗು. ಅದನ್ನು ನಿನಗೆ ಹೇಳಿರಲಿಲ್ಲ, ಹೇಳಿದರೆ ತಲೆ ನಿಲ್ಲುವುದಿಲ್ಲ ಎಂದು.

ಹೊರಗಿನ ಕೇಳುಗರ ಮಾತನ್ನು ರಕ್ಷಾ ದಿನಾ ಮಧ್ಯಾಹ್ನ ಬಂದು ಓದಿ ಹೇಳುತ್ತಾಳೆ. ನಿಮ್ಮ ಹಳೆಯ ಅಭಿಮಾನಿಗಳಿಗೆ ಸಿಟ್ಟು ಬಂದಿದೆ. “ಮೊದಲ್ನೇ ಆಲ್ಬಂ ರೇಂಜಿಗಿಲ್ಲ ಮಗಾ, ಇವ್ರೂ ಸೋಪ್ ಹಾಕ್ಕೊಂಡು ಸ್ನಾನ ಮಾಡ್ಬಿಟ್ಟವ್ರೆ” ಎಂದು ಒಬ್ಬ ಬರೆದಿದ್ದಾನೆ. ನಾನು ಬಿದ್ದು ಬಿದ್ದು ನಕ್ಕೆ, ನೀನು ನಗಲಿಕ್ಕಿಲ್ಲ. ಆದರೆ ಬೈಯುವವರು ಹೊಗಳುವವರು ಎಲ್ಲರೂ ಸೇರಿ ಒಪ್ಪಿರುವುದು ಒಂದೇ ಒಂದು ಹಾಡನ್ನು, ಆ ಆರನೆಯದನ್ನು. ನಮ್ಮ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ ವಾಚ್‌ಮನ್ “ಯಾರ್ ಮನೆಗೆ ಹೋಗ್ಬೇಕಮ್ಮಾ” ಎಂದು ಕೇಳಿದ್ದನ್ನು ನೀನು ಹಾಡು ಮಾಡಿದ್ದೀಯಲ್ಲ, ಅದು. ಅದರ ಕೊನೆಯಲ್ಲಿ ನಿನ್ನ ದನಿ ಬಿರಿಯುತ್ತದೆ. “ಅಲ್ಲಿ ವಾಯ್ಸ್ ಒಡೆಯುತ್ತಲ್ಲ ಗುರು, ಮೈಯೆಲ್ಲ ಜುಮ್ ಅಂತು” ಎಂದು ಸಾವಿರಾರು ಜನ. ಪೇಪರಿನವರೂ ‘ಈ ಒಡಕು ದನಿಯೇ ಆಲ್ಬಮ್ಮಿನ ಜೀವ’ ಎಂದು ಬರೆದರು. ನಿಮ್ಮಮ್ಮ ಅದನ್ನು ಕತ್ತರಿಸಿ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಮೊದಲನೇ ಸಲ ಕೇಳಿದಾಗ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಜ್ಜಿಗಾದ ಅವಮಾನಕ್ಕೆ ಹುಡುಗಿಯ ಗಂಟಲು ಕಟ್ಟಿದೆ ಎಂದುಕೊಂಡೆ. ಮೂರನೇ ಸಲ ಕೇಳುವಾಗ ಬೇರೆಯದು ಕಿವಿಗೆ ಬಿತ್ತು. ಸಾಲಿನ ತುದಿಗೆ ಬರುವ ಮೊದಲು ಒಂದು ಗಳಿಗೆ ಬರೀ ಗಾಳಿ ಬರುತ್ತದೆ, ದನಿ ಇರುವುದಿಲ್ಲ. ಆಮೇಲೆ ನೀನು ಅದನ್ನು ಕತ್ತಿನಿಂದ ತಳ್ಳಿ ಎಬ್ಬಿಸುತ್ತೀ. ದುಃಖಕ್ಕೆ ಒಡೆದ ದನಿ ಹಾಡು ಮುಗಿದ ಮೇಲೆ ಸರಿಯಾಗಬೇಕು. ಏಳು, ಎಂಟು, ಒಂಬತ್ತು ಮೂರನ್ನೂ ಮತ್ತೆ ಮತ್ತೆ ಹಾಕಿಸಿದೆ. ಬೀಗರನ್ನು ಹಂಗಿಸುವಂಥ ಆ ಒಂಬತ್ತನೇ ಹಾಡಿನಲ್ಲಿ ಅಳುವುದಕ್ಕೆ ಏನಿದೆ, ಅಲ್ಲೂ ಅದೇ ಖಾಲಿ ಜಾಗ. ಹೋದ ಗುರುವಾರ ಫೋನ್ ಮಾಡಿದಾಗ ನೀನು ಪಿಸುಮಾತಿನಲ್ಲಿ ಮಾತಾಡಿ “ನೆಟ್‌ವರ್ಕ್ ಸರಿಯಿಲ್ಲ ಅಜ್ಜಿ” ಎಂದೆ. ನಿಮ್ಮಮ್ಮ ನಂಬಿದಳು. ನಾನು ನಂಬಲಿಲ್ಲ, ಯಾಕೆಂದರೆ ಅಂಥದ್ದೇ ಸುಳ್ಳನ್ನು ನಾನೂ ಹೇಳಿಕೊಂಡು ಬಂದಿದ್ದೇನೆ, ನಲವತ್ತೆರಡು ವರ್ಷದಿಂದ.

ಈಗ ಬರೆಯುವುದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ಲಿಂಗಮ್ಮ ಗಂಡ ತೀರಿದ ದಿನವೇ ಹಾಡು ಬಿಟ್ಟಳು, ಎಂಥ ಮಹಾತಾಯಿ ಎಂದು ಈ ಊರಿನಲ್ಲಿ ಇವತ್ತಿಗೂ ಹೇಳುತ್ತಾರಲ್ಲ, ಅದು ನಿಜವಲ್ಲ. ಎಂಬತ್ತಮೂರನೇ ಇಸವಿಯ ವೈಶಾಖದಲ್ಲಿ ನನಗೆ ಇಪ್ಪತ್ತೇಳು ವರ್ಷ. ಮುಂದಿನ ಸಾಲು ಎತ್ತಿಕೊಡುವವಳು ನಾನು, ಹಿಂದೆ ಹೇಳುವವರು ಆರು ಜನ. ಒಂದೇ ತಿಂಗಳಲ್ಲಿ ಹನ್ನೊಂದು ಮದುವೆ. ಏಳನೆಯದರಲ್ಲಿ ಹೆಣ್ಣೊಪ್ಪಿಸುವ ಪದ ಹೇಳುವಾಗ ದನಿ ಹೀಗೇ ಒಡೆಯಿತು. ಹೆಣ್ಣಿನ ತಾಯಿ ಕಂಬ ಹಿಡಿದು ಅತ್ತಳು, ನೆರೆದವರೆಲ್ಲ ಅತ್ತರು. ಲಿಂಗಮ್ಮನ ಗಂಟಲಿಗೆ ಈಗ ಹೊಸ ರುಚಿ ಬಂತು ಎಂದು ಸುತ್ತ ಹಳ್ಳಿಗೆಲ್ಲ ಸುದ್ದಿಯಾಯಿತು. ಹೊಗಳಿಕೆಗೆ ಉಬ್ಬಿಹೋದೆ. ಬೆಳಿಗ್ಗೆ ಎದ್ದರೆ ಮಾತು ಹೊರಡುತ್ತಿರಲಿಲ್ಲ, ಮೆಣಸಿನ ಕಷಾಯ ಕುಡಿದು ಸಂಜೆಗೆ ಮತ್ತೆ ಹೋಗುತ್ತಿದ್ದೆ. ಹನ್ನೊಂದನೆಯ ಮದುವೆ ನನ್ನ ನಾದಿನಿಯದು. ಧಾರೆಯ ಹೊತ್ತಿಗೆ ಬಾಯಿ ತೆರೆದೆ, ಏನೂ ಬರಲಿಲ್ಲ. ಹಿಂದಿನವರು ಎತ್ತಿಕೊಂಡರು, ನಾನು ಬಾಯಿ ಆಡಿಸುತ್ತಾ ಕೂತೆ. ಮಾತು ಹಿಂದಕ್ಕೆ ಬಂತು, ಹಾಡು ಬರಲಿಲ್ಲ. ಎರಡು ತಿಂಗಳಿಗೆ ನಿಮ್ಮ ತಾತ ಹೋದರು. ಗಂಡ ಸತ್ತವಳನ್ನು ಆ ಕಾಲದಲ್ಲಿ ಸೋಬಾನೆಗೆ ಯಾರೂ ಕರೆಯುತ್ತಿರಲಿಲ್ಲ. ಹಾಗಾಗಿ ದನಿ ಹೋದದ್ದು ಯಾರಿಗೂ ಗೊತ್ತಾಗಲೇ ಇಲ್ಲ. ಸಲ್ಲದ ಗೌರವವನ್ನು ಇಷ್ಟು ವರ್ಷ ತೆಪ್ಪಗೆ ತೆಗೆದುಕೊಂಡೆ. ಅಂಥ ಸಂಕಟದಲ್ಲೂ, ಸದ್ಯ ಮರ್ಯಾದೆ ಉಳಿಯಿತು ಎಂದು ಒಳಗೊಳಗೇ ಸಮಾಧಾನ ಪಟ್ಟುಕೊಂಡಿದ್ದೆ ಚೈತ್ರಾ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಏಳನೇ ಮದುವೆಗೇ ಯಾಕೆ ನಿಲ್ಲಿಸಲಿಲ್ಲ ಎಂದು ನೀನು ಕೇಳುತ್ತೀ. ವೀಳ್ಯ ತೆಗೆದುಕೊಂಡಿದ್ದೆನಲ್ಲ. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟು ಹಾಡಿಗೆ ಕರೆದ ಮೇಲೆ ಒಲ್ಲೆ ಎನ್ನುವ ಹಾಗಿಲ್ಲ. ಚಪ್ಪರ ಏಳುವ ಮೊದಲು ಮನೆಯ ಹಿರಿಯರು ಹೋಗಿ ವೀಳ್ಯವನ್ನು ಹಿಂದಕ್ಕೆ ಕೊಟ್ಟರೆ ಮಾತ್ರ ಬಿಡುಗಡೆ. ನಮ್ಮತ್ತೆಗೆ ನನ್ನ ಅವಸ್ಥೆ ಗೊತ್ತಿತ್ತು. ಸೊಸೆಯ ಹೆಸರು ಕೇಳಲು ಅವರಿಗೂ ಹಿತವಾಗಿತ್ತು, ಸುಮ್ಮನಿದ್ದರು. ರಾಜಾಜಿನಗರದಲ್ಲಿ ಕಾರ್ಯಕ್ರಮದ ಹಾಲ್ ನಡೆಸುವ ಗಿರಿರಾಜ್ ಹಣ್ಣಿನ ಬುಟ್ಟಿ ಹಿಡಿದು ನಮ್ಮ ಮನೆಗೇ ಬಂದು, ಈ ತಿಂಗಳ ಇಪ್ಪತ್ತೊಂಬತ್ತನೇ ತಾರೀಕಿನ ದೊಡ್ಡ ಕಾರ್ಯಕ್ರಮಕ್ಕೆ ನಿನ್ನನ್ನು ಒಪ್ಪಿಸಿಕೊಂಡು ಹೋದನಲ್ಲ, ನನ್ನ ಮಟ್ಟಿಗೆ ಅದೂ ವೀಳ್ಯವೇ. ಆ ದಿನ ಜನ ಬರುವುದೇ ಆರನೇ ಹಾಡು ಕೇಳಲು. ಒಡೆಯಲಿ, ಇನ್ನಷ್ಟು ಒಡೆಯಲಿ ಎಂದೇ ಕಾಯುತ್ತಾರೆ. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ ಅಷ್ಟೇ.

ಸೋಮವಾರ ಉಪನಗರದ ಗಂಟಲು ಡಾಕ್ಟರು ಶಿವರಂಜನಿಯವರ ಹತ್ತಿರ ರಕ್ಷಾಳನ್ನು ಕರೆದುಕೊಂಡು ಹೋಗಿ ನಿನ್ನ ಹಾಡು ಕೇಳಿಸಿದೆ. ಎರಡು ಸಲ ಕೇಳಿದರು. “ಕ್ಯಾಮೆರಾ ಹಾಕಿ ನೋಡ್ದೆ ನಾನೇನೂ ಹೇಳೋಕಾಗಲ್ಲ ಅಮ್ಮ, ಆದ್ರೆ ಅಲ್ಲಿವರ್ಗೂ ಹಾಡಿಸ್ಬೇಡಿ. ಪಿಸುಮಾತೂ ಬೇಡ” ಎಂದರು. ಅವರೊಬ್ಬರೇ ನೋಡು, ಆ ಹಾಡು ಕೇಳಿ ಚೆನ್ನಾಗಿದೆ ಎನ್ನದವರು. ಇಪ್ಪತ್ತನಾಲ್ಕನೇ ತಾರೀಕು ಸೋಮವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ನೀನು ಹಾಡುವವಳು, ದನಿ ನಿನ್ನದು. ಬೇಡ ಎನ್ನಲು ನಾನು ಯಾರು ಎಂದು ನೀನು ಕೇಳಬಹುದು. ನಿನ್ನನ್ನು ಕಂಡರೆ ನನಗೆ ಪ್ರಾಣ, ಅಷ್ಟು ಬಿಟ್ಟರೆ ಬೇರೆ ಕಾರಣ ಇಲ್ಲ. ನಿಧಾನವಾಗಿ ಕೂತು ಯೋಚಿಸು.

ಗೌತಮನಿಗೂ ಉಳಿದಿಬ್ಬರಿಗೂ ನನ್ನ ನೆನಪು ತಿಳಿಸು. ನಿಮ್ಮಮ್ಮ ಚಟ್ನಿಪುಡಿ ಕಳಿಸಲೇ ಎಂದು ಕೇಳುತ್ತಿದ್ದಾಳೆ, ಖಾರ ಈಗ ಬೇಡ ಎಂದೆ. ಇನ್ನೂ ನೂರು ಆಲ್ಬಂ ಮಾಡುವಷ್ಟು ಆಯಸ್ಸು, ಅಷ್ಟಕ್ಕೂ ಸಾಲುವಷ್ಟು ದನಿ ದೇವರು ನಿನಗೆ ಕೊಡಲಿ.

ನಿನ್ನ ಅಜ್ಜಿ,
ಲಿಂಗಮ್ಮ

ಮರೆತಿದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಯೋಚಿಸು ಎಂದೆನಲ್ಲ, ಯೋಚಿಸುವುದಕ್ಕೆ ಈಗ ಹೆಚ್ಚೇನೂ ಉಳಿದಿಲ್ಲ. ನಿನ್ನೆ ಬೆಳಿಗ್ಗೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಒಬ್ಬಳೇ ರಾಜಾಜಿನಗರಕ್ಕೆ ಹೋಗಿದ್ದೆ. ಹನ್ನೆರಡು ಎಲೆ, ಎರಡು ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ಗಿರಿರಾಜನ ಮೇಜಿನ ಮೇಲಿಟ್ಟು, ನಿನ್ನ ಹೆಸರು ಹೇಳಿ ವೀಳ್ಯ ಹಿಂದಕ್ಕೆ ಕೊಟ್ಟು ಬಂದೆ. “ಟಿಕೆಟ್ ಎಲ್ಲ ಹೋಗ್ಬಿಟ್ಟಿದಾವಲ್ಲ ಅಜ್ಜಿ” ಎಂದ. ಕಾರಣ ಹೇಳಿದೆ, ನನ್ನ ಕಥೆಯನ್ನೂ ಹೇಳಿದೆ. ವೀಳ್ಯವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. “ಸಂಕ್ರಾಂತಿ ಆದ್ಮೇಲೆ ಬೇರೆ ಡೇಟ್ ನೋಡೋಣ, ಆದ್ರೆ ಚೈತ್ರಾಗೆ ನೀವೇ ಹೇಳ್ಬೇಕು” ಎಂದ. ನೀನು ಒಪ್ಪುವ ತನಕ ಹೊರಗೆ ಹೇಳುವುದಿಲ್ಲವಂತೆ. ನಿನ್ನನ್ನು ಕೇಳದೆ ಮಾಡಿದ್ದು ತಪ್ಪು, ತಿಳಿದೇ ಮಾಡಿದ್ದೇನೆ. ಬಾಯಿಗೆ ಬಂದ ಹಾಗೆ ಬೈಯಿ, ಆದರೆ ಬರೆದು ಬೈಯಿ. ಫೋನ್ ಮಾಡಿದರೆ ನಾನು ಎತ್ತುವುದಿಲ್ಲ.