ಒಂದು ಸಾಲಿಗೆ ಐದು ಹೆಸರು

ವರ್ಷದ ಅತ್ಯುತ್ತಮ ಅಮೆರಿಕನ್ ಕಾಲೇಜು ಫುಟ್‌ಬಾಲ್ ಆಟಗಾರನನ್ನು ಆರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮತಪತ್ರವನ್ನು ನೀವು ವಾಪಸು ಕಳಿಸಿದ್ದೀರಿ. 'ಅಸಿಂಧು' ಎಂಬ ಕೆಂಪು ಮುದ್ರೆ ಒತ್ತಿದ್ದೀರಿ. ಕಾರಣವನ್ನೂ ಅಚ್ಚುಕಟ್ಟಾಗಿ ಟೈಪು ಮಾಡಿಸಿದ್ದೀರಿ: ಒಂದು ಸಾಲಿನಲ್ಲಿ ಒಂದೇ ಹೆಸರಿರಬೇಕು, ಹೆಸರಿನವರು ಈ ವರ್ಷ ಕಾಲೇಜಿನಲ್ಲಿ ಆಡುತ್ತಿರಬೇಕು. ನಾನು ಒಂದೇ ಸಾಲಿನಲ್ಲಿ ಐದು ಹೆಸರು ತುರುಕಿದ್ದೆ. ಅವರು ಕಾಲೇಜು ಬಿಟ್ಟು ಮೂವತ್ತೈದು ವರ್ಷ ಆಗಿದೆ. ಅವರಲ್ಲೊಬ್ಬನನ್ನು ಕಳೆದ ತಿಂಗಳು ಮಣ್ಣು ಮಾಡಿದ್ದೇವೆ. ನಿಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಫೋನು ಮಾಡಿ, "ಸರ್, ತಪ್ಪು ತಿಳ್ಕೋಬೇಡಿ, ಇದನ್ನ ನೀವು ತಮಾಷೆಗೆ ಬರೆದಿದ್ದಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಇಲ್ಲಮ್ಮ, ತಮಾಷೆ ಮಾಡುವುದಕ್ಕೆ ಇನ್ನೊಬ್ಬರು ಬೇಕು, ನನ್ನ ಮನೆಯಲ್ಲಿ ನಾನೊಬ್ಬನೇ ಎಂದೆ. ಪಾಪ, ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ನನ್ನ ಗುರುತು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಗೋಡೆಯ ಮೇಲಿನ ಚಿತ್ರಗಳಲ್ಲಿ ನಾನೂ ಒಬ್ಬ. ಗೆದ್ದವರಿಗೆಲ್ಲ ಸಾಯುವ ತನಕ ಮತದಾನದ ಹಕ್ಕು ಕೊಟ್ಟಿದ್ದೀರಿ, ಆ ಲೆಕ್ಕದಲ್ಲಿ ನಾನು ನಿಮ್ಮ ಮತದಾರ. ನೀವು ಕೊಟ್ಟ ಕಂಚಿನ ಮೂರ್ತಿ ನನ್ನ ಅಡಿಗೆಮನೆಯಲ್ಲಿ ಮೈಕ್ರೋವೇವ್ ಪಕ್ಕದಲ್ಲಿದೆ. ನಮ್ಮೂರಿನ ಹೆದ್ದಾರಿಯ ತಿರುವಿನಲ್ಲಿ 'ಇದು ಕ್ಲೀವನ್ ಟೋಲ್ಬರ್ಟ್ ಅವರ ಊರು' ಎಂಬ ಫಲಕ ಇದೆ. ಅಲಬಾಮಾದ ಈ ಊರಲ್ಲಿ ಏಳು ಸಾವಿರ ಜನ ಇದ್ದಾರೆ. ಊರು ಅವರದಲ್ಲ, ನನ್ನದಂತೆ. ಇಷ್ಟು ದೊಡ್ಡ ಆಸ್ತಿ ಇಟ್ಟುಕೊಂಡು ಭಾನುವಾರ ಮಧ್ಯಾಹ್ನ ಯಾರ ಮನೆಗೆ ಊಟಕ್ಕೆ ಹೋಗಲಿ ಎಂದು ಯೋಚಿಸುತ್ತಾ ಕೂರುತ್ತೇನೆ.

ಆ ಐವರು ಯಾರೆಂದು ಹೇಳುತ್ತೇನೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು ನಾನಾಗಿದ್ದೆ. ನನ್ನ ಮುಂದೆ ಸಾಲಾಗಿ ಬಗ್ಗಿ ನಿಂತು, ಎದುರಿನವರಿಗೆ ಎದೆ ಕೊಟ್ಟು ತಳ್ಳಿ, ನಾನು ನುಸುಳುವಷ್ಟು ಸಂದು ಮಾಡಿಕೊಡುತ್ತಿದ್ದವರು ಅವರು. ನಾಲ್ಕು ವರ್ಷ ಆಡಿದರೂ ಅವರು ಚೆಂಡು ಹಿಡಿದು ಓಡಲಿಲ್ಲ. ನಡುವಿನವನು ವೆಂಡಲ್ ಸ್ಟಕಿ. ಪ್ರತಿ ಆಟದಲ್ಲೂ ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡುವವನು ಅವನೇ. ಕೊಟ್ಟ ಮರುಕ್ಷಣ ಎದುರು ತಂಡದ ಇಬ್ಬರು ದೈತ್ಯರು ಅವನ ಮೇಲೆ ಬೀಳುತ್ತಿದ್ದರು. ಮೈದಾನದ ಮೈಕಿನಲ್ಲಿ "ಟೋಲ್ಬರ್ಟ್, ಹದಿನಾಲ್ಕು ಗಜ" ಎಂದು ಕೂಗುತ್ತಿದ್ದರು. ವೆಂಡಲ್‌ನ ಹೆಸರನ್ನು ಆ ಮೈಕು ಕೂಗಿದ್ದು ಒಂದೇ ಒಂದು ಸಲ, ಅದೂ ತಪ್ಪು ಮಾಡಿದ್ದಾನೆಂದು ಹೇಳುವುದಕ್ಕೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಗೆದ್ದರೆ, ಭಾನುವಾರ ಚರ್ಚ್ ಮುಗಿಸಿ ಎಲ್ಲರೂ ವೆಂಡಲ್‌ನ ತಾಯಿಯ ಮನೆಗೆ ಹೋಗುವುದು. ಐವರು ಮೇಜಿಗೆ ಕೂರಬೇಕು, ಓಡಿದವನು ನಿಂತು ಬಡಿಸಬೇಕು. ಅವರ ಹೊಟ್ಟೆ ತುಂಬುವ ತನಕ ನಾನು ಒಂದು ತುತ್ತೂ ಮುಟ್ಟುವ ಹಾಗಿರಲಿಲ್ಲ. ಹುರಿದ ಕೋಳಿ, ಸೊಪ್ಪಿನ ಪಲ್ಯ, ಮೆಕ್ಕೆಜೋಳದ ರೊಟ್ಟಿ. "ಏ ದೊರೆ, ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ? ಇನ್ನೊಂದು ತೊಡೆ ಹಾಕೋ," ಎಂದು ಹಾಲಿಸ್ ಓಗಲ್ಟ್ರೀ ತಟ್ಟೆ ಬಡಿಯುತ್ತಿದ್ದ. ವೆಂಡಲ್ ಮಾತ್ರ ಒಂದು ತುಂಡು ಕೋಳಿ ತೆಗೆದು ಕರವಸ್ತ್ರದ ಕೆಳಗೆ ನನಗಾಗಿ ಬಚ್ಚಿಡುತ್ತಿದ್ದ. ನಾವು ಕಾಲೇಜಿನಲ್ಲಿದ್ದ ಕೊನೆಯ ವರ್ಷ ಮೊದಲ ಹತ್ತು ಪಂದ್ಯ ಗೆದ್ದೆವು. ಹತ್ತು ಭಾನುವಾರ ಬಡಿಸಿದೆ. ನನ್ನ ಬದುಕಿನಲ್ಲಿ ಅಷ್ಟು ಜನರ ನಡುವೆ ನಾನು ಮತ್ತೆಂದೂ ಇರಲಿಲ್ಲ.

ಹನ್ನೊಂದನೆಯ ಪಂದ್ಯ. ಕೊನೆಯ ಎಂಟು ನಿಮಿಷ ಉಳಿದಿದ್ದಾಗ ನಾವು ಇಪ್ಪತ್ತನಾಲ್ಕು ಅಂಕ ಮುಂದಿದ್ದೆವು. ಆಟ ಮುಗಿದ ಹಾಗೆಯೇ. ಮುಖ್ಯ ಆಟಗಾರರನ್ನೆಲ್ಲ ಹೊರಗೆ ಕರೆಸಿ ಕೂರಿಸುವ ಹೊತ್ತು. ಆದರೆ ಪತ್ರಿಕೆಗಳು ವಾರವಿಡೀ ಬರೆದಿದ್ದ ಒಂದು ಅಂಕಿಗೆ ನಾನಿನ್ನೂ ಮೂವತ್ತೇಳು ಗಜ ಹಿಂದಿದ್ದೆ: ಅಷ್ಟು ಓಡಿದರೆ ದಾಖಲೆ, ದಾಖಲೆಯಾದರೆ ನಿಮ್ಮ ಪ್ರಶಸ್ತಿ. ಕೋಚ್ ನನ್ನ ಭುಜ ಹಿಡಿದು ಕೇಳಿದರು, "ಸಾಕಾ, ಇನ್ನೂ ಬೇಕಾ?"

"ಮೂವತ್ತೇಳೇ ಸರ್," ಎಂದೆ.

ನಾನು ಒಳಗಿದ್ದರೆ ಐವರೂ ಒಳಗಿರಬೇಕು. ವೆಂಡಲ್ ಬಾಯಿಯ ರಕ್ತ ತೋಳಿಗೆ ಒರೆಸಿಕೊಂಡು ನಕ್ಕ. "ಬಾ ದೊರೆ, ಕೊಡಿಸ್ತೀನಿ. ನಾಳೆ ಎರಡು ತೊಡೆ ಹಾಕ್ಬೇಕು ನೋಡು."

ಕೊಡಿಸಿದ. ಒಂದೇ ಓಟಕ್ಕೆ ನಲವತ್ತೊಂದು ಗಜ. ನಾನು ಚೆಂಡನ್ನು ಮೇಲೆತ್ತಿ ಜನರಿಗೆ ತೋರಿಸುತ್ತಾ ನಿಂತಿದ್ದೆ. ತಿರುಗಿ ನೋಡಿದಾಗ ನಾಲ್ವರು ಮಂಡಿಯೂರಿ ಕೂತಿದ್ದರು, ನಡುವೆ ವೆಂಡಲ್ ಮಲಗಿದ್ದ. ಅವನ ಮೊಣಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ಮರುದಿನ ಭಾನುವಾರ ಅವನು ಆಸ್ಪತ್ರೆಯಲ್ಲಿದ್ದ. ನಾನು ಟೀವಿಯವರ ಸ್ಟುಡಿಯೋದಲ್ಲಿದ್ದೆ. ಡಿಸೆಂಬರಿನಲ್ಲಿ ನಿಮ್ಮ ವೇದಿಕೆ ಹತ್ತಿದೆ. ತೊಂಬತ್ತು ಸೆಕೆಂಡು ಕೊಟ್ಟಿದ್ದಿರಿ. ದೇವರು, ತಾಯಿ, ಕೋಚ್, ಸಮಿತಿಯ ಹಿರಿಯರು, ನನಗೆ ಸೂಟು ಹೊಲಿದ ದರ್ಜಿ, ಎಲ್ಲರನ್ನೂ ನೆನೆದೆ. ಆ ಐವರನ್ನು ಬಿಟ್ಟೆ. ಮರೆತೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ನಿಜ ಏನೆಂದರೆ, ವೆಂಡಲ್‌ನ ಹೆಸರು ಬಾಯಿಗೆ ಬಂದಿತ್ತು. ಹೇಳಿದರೆ ಅವನೆಲ್ಲಿ ಎಂದು ಯಾರಾದರೂ ಕೇಳುತ್ತಾರೆಂದು ನುಂಗಿಕೊಂಡೆ. ಹೊಸ ವರ್ಷದ ದಿನ ಚಾಂಪಿಯನ್ ಪಟ್ಟದ ಪಂದ್ಯವನ್ನು ಒಂದು ಅಂಕದಿಂದ ಸೋತೆವು. ವೆಂಡಲ್‌ನ ಜಾಗದಲ್ಲಿ ನಿಂತವನ ಕೈಯಿಂದ ಕೊನೆಯ ಚೆಂಡು ಜಾರಿತು. ಅವನನ್ನು ಊರವರೆಲ್ಲ ಬೈದರು, ನನ್ನನ್ನು ಒಬ್ಬರೂ ಬೈಯಲಿಲ್ಲ. ನನ್ನ ಹತ್ತಿರ ಮೂರ್ತಿ ಇತ್ತಲ್ಲ.

ಈಗ ಹೇಳಿ ಮಾನ್ಯರೇ, ಆ ವರ್ಷ ನಾವು ಗೆದ್ದೆವೋ ಸೋತೆವೋ? ಪ್ರತಿ ಶರತ್ಕಾಲದಲ್ಲಿ ಕಾಲೇಜಿನವರು ಹಳೆಯ ಚಾಂಪಿಯನ್ ತಂಡಗಳನ್ನು ಮೈದಾನಕ್ಕೆ ಕರೆಯುತ್ತಾರೆ. ಹೊಟ್ಟೆ ಬಂದ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಬರುತ್ತಾರೆ. ನಮ್ಮ ತಂಡವನ್ನು ಕರೆಯುವುದಿಲ್ಲ, ಅದಕ್ಕೆ ಪಟ್ಟ ಇಲ್ಲ. ನನ್ನೊಬ್ಬನನ್ನು ಕರೆಯುತ್ತಾರೆ. ಅರವತ್ತು ಸಾವಿರ ಜನರ ನಡುವೆ ಒಬ್ಬನೇ ನಿಂತು ಕೈ ಬೀಸುತ್ತೇನೆ. ಮೇಲೆ ಎಲ್ಲೋ ಒಂದು ಸಾಲಿನಲ್ಲಿ ಆ ಐವರು ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರೆಂದು ಗೊತ್ತಿತ್ತು. ಆರನೆಯ ಕುರ್ಚಿಯ ಟಿಕೆಟ್ ತೆಗೆಸಿ ಎಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಕಳೆದ ತಿಂಗಳು ವೆಂಡಲ್‌ನ ಎದೆಬಡಿತ ನಿಂತಿತು. ಶವಪೆಟ್ಟಿಗೆ ಹಿಡಿಯಲು ಆರು ಜನ ಬೇಕು. ಐವರಲ್ಲಿ ಉಳಿದ ನಾಲ್ವರಿದ್ದರು. ವೆಂಡಲ್‌ನ ಹೆಂಡತಿ ಮಾರ್ವಾಳ ಹತ್ತಿರ ಹೋಗಿ, ನಾನೂ ಹಿಡಿಯುತ್ತೇನೆ ಎಂದೆ. ಹಿಂದೆ ನನ್ನನ್ನು ಕ್ಲೀವ್ ಎಂದು ಕರೆಯುತ್ತಿದ್ದವಳು. "ಬೇಡಿ ಮಿಸ್ಟರ್ ಟೋಲ್ಬರ್ಟ್, ಅವರ ಅಣ್ಣನ ಮಕ್ಕಳಿಬ್ಬರು ಹಿಡೀತಾರೆ. ನಿಮಗೆ ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸಿದೀವಿ," ಎಂದಳು. ಹಾಲಿಸ್ ನನ್ನ ಬೆನ್ನು ತಟ್ಟಿದ. "ಭಾರದ ಕೆಲಸ ನಿನ್ನ ಕೈಲಿ ಯಾವತ್ತು ಮಾಡಿಸಿದೀವಪ್ಪ? ನೀನು ನಡಿ, ನಾವು ಬರ್ತೀವಿ." ಅವನು ಕೊಂಕಿಗೆ ಹೇಳಲಿಲ್ಲ. ಅದಕ್ಕೇ ನನಗೆ ಅಳು ಬಂತು.

ನನ್ನ ಬೇಡಿಕೆ ಸಣ್ಣದು. ನಿಮ್ಮ ನಿಯಮ ಬದಲಿಸಬೇಡಿ, ನನ್ನ ಮತ ಎಣಿಸಬೇಡಿ. ಮುಂದಿನ ತಿಂಗಳ ಸಮಾರಂಭದಲ್ಲಿ, ಗೆದ್ದವನನ್ನು ಕರೆಯುವ ಮುಂಚೆ, ನಿಮ್ಮ ಮೈಕಿನಲ್ಲಿ ಐದು ಹೆಸರು ಓದಿ: ವೆಂಡಲ್ ಸ್ಟಕಿ, ಹಾಲಿಸ್ ಓಗಲ್ಟ್ರೀ, ಡಾರ್ನೆಲ್ ಪೆಟವೇ, ರಾಯ್ ಬೂತ್, ಎಮೆಟ್ ಕಿಂಕೇಡ್. ಏನು ಮಾಡಿದರೆಂದು ಹೇಳಬೇಕಾಗಿಲ್ಲ. ಸಮಯ ಸಾಲದೆಂದು ಮಾತ್ರ ಹೇಳಬೇಡಿ. ಅಡಿಗೆಮನೆಯಲ್ಲಿ ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡಿದ್ದೇನೆ, ಹನ್ನೊಂದು ಸೆಕೆಂಡು ಸಾಕು. ನನಗೆ ನೀವು ತೊಂಬತ್ತು ಕೊಟ್ಟಿದ್ದಿರಿ.

ಇಂತಿ,
ಹನ್ನೊಂದನೆಯ ಭಾನುವಾರ ಬಡಿಸಲು ಹೋಗದವನು,
ಕ್ಲೀವನ್ ಟೋಲ್ಬರ್ಟ್