ನನ್ನ ಹೆಸರಿನ ಚೀಟಿ

೧೭ ಮೇ ೨೦೨೫, ಶನಿವಾರ, ಬೀದರ

ಬ್ಯಾಗಿನ ಜಿಪ್ಪು ಮುಚ್ಚುತ್ತಲೇ ಇಲ್ಲ. ನಾಳೆ ತಮ್ಮನ ಮಗಳು ಯಶೋಧರಾಳನ್ನು ಹೈದರಾಬಾದಿನ ಥೀಮ್ ಪಾರ್ಕಿಗೆ ಕರೆದೊಯ್ಯಬೇಕು. ಟವೆಲ್ಲು, ಎರಡು ಜೊತೆ ಬಟ್ಟೆ, ಒದ್ದೆಯಾದವಕ್ಕೆ ಪ್ಲಾಸ್ಟಿಕ್ ಚೀಲ, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಒಳಗೆ ಬಿಡುವುದಿಲ್ಲವಂತೆ. ಗೇಟಿನಲ್ಲೇ ಕೂತು ತಿನ್ನುತ್ತೇವೆ, ಏನೀಗ.

ಆ ಊರೆಂದರೆ ನನಗಿನ್ನೂ ಸಂಕಟ. ಅಲ್ಲಿನ ಕಾರ್ಟೂನ್ ಸ್ಟುಡಿಯೋದಲ್ಲಿ ನಾಲ್ಕು ವರ್ಷ, ಬೆರಳಿನ ಗುರುತು ಬೀಳದಂತೆ ಬಿಳಿ ಕೈಗವಸು ತೊಟ್ಟು, ಪಾರದರ್ಶಕ ಹಾಳೆಗಳಿಗೆ ಬಣ್ಣ ತುಂಬಿದೆ. ಒಂದು ಮೊಲ ಓಡಬೇಕಾದರೆ ನೂರಾರು ಹಾಳೆ. ಚಿತ್ರ ತೋರಿಸಿದ ದಿನ ಅವ್ವನನ್ನು ಭಾಲ್ಕಿಯಿಂದ ಕರೆಸಿದ್ದೆ. ಕೊನೆಗೆ ಹೆಸರುಗಳು ಬಂದವು. ಬಣ್ಣ ತುಂಬಿದ ಹದಿನೆಂಟು ಹೆಣ್ಣುಮಕ್ಕಳಲ್ಲಿ ಒಬ್ಬರದೂ ಇಲ್ಲ. ಓದು ಬಾರದ ಅವ್ವ, "ನಿಂದ್ ಯಾವ್ದವಾ?" ಅಂದಳು. ಯಾವುದೋ ಹೆಸರಿಗೆ ಬೆರಳು ತೋರಿಸಿದೆ.

ಸಂಜೆ ಯಶೋಧರಾ ಲೈಬ್ರರಿಯ ಪುಸ್ತಕ ಹಿಡಿದು ಬಂದಳು. "ಅತ್ತಿ, ಅಮೆರಿಕಾದಾಗೂ ಹೆಣ್ಣಮಕ್ಕಳೇ ಬಣ್ಣಾ ತುಂಬ್ತಿದ್ರಂತ. ಅವರ ಹೆಸರೂ ಹಾಕಿಲ್ಲಂತ!"

ನಾನು ಅವಳ ಕಿಸೆಗೆ ಹೆಸರು, ಫೋನ್ ನಂಬರಿನ ಚೀಟಿ ಬರೆದಿಟ್ಟೆ, ಗದ್ದಲದಲ್ಲಿ ತಪ್ಪಿಸಿಕೊಂಡರೆ ಇರಲಿ ಅಂತ.

"ನಿಂದೂ ಒಂದ ಬರೀತೇನಿ. ನೀನ ತಪ್ಪಿಸ್ಕೊಂಡ್ರ?"

ಈಗ ಜಿಪ್ಪು ಎಳೆಯುವಾಗ ಅವಳು ಬರೆದ ಚೀಟಿ ಕೈಗೆ ಸಿಕ್ಕಿತು. ಮಹಾಮಾಯಾ, ಬೀದರ. ನಂಬರಿನ ಕೆಳಗೆ ನೀಲಿ ಸ್ಕೆಚ್ ಪೆನ್ನಿನಲ್ಲಿ: ಕಾರ್ಟೂನಿಗೆ ಬಣ್ಣ ತುಂಬಿದವರು.

ಒಂಬತ್ತು ವರ್ಷದ ಹುಡುಗಿ, ನನಗೆ ಇಷ್ಟು ಕೊಟ್ಟಳಲ್ಲ. ಎಬ್ಬಿಸಿ ಅಪ್ಪಿಕೊಳ್ಳಲೇ ಅನ್ನಿಸುತ್ತಿದೆ. ಬೇಡ, ಬೆಳಿಗ್ಗೆ ಐದಕ್ಕೆ ಬಸ್ಸು.

ಅವ್ವಾ, ಅವತ್ತು ತೋರಿಸಿದ್ದು ಯಾರದೋ. ನನ್ನದು ಇದು.