ಸೇತುವೆಗೆ ಕಾದ ಬಾಗಿನ

ವಿಶ್ವಾವಸು ಸಂವತ್ಸರ, ಭಾದ್ರಪದ ಶುದ್ಧ ಬಿದಿಗೆ, ಸೋಮವಾರ.

ನಾಳೆ ಗೌರಿ ಹಬ್ಬ. ಪಿನಾಕಿನಿಯ ಮೇಲಣ ಸೇತುವೆ ಈ ವರ್ಷವೂ ಇಲ್ಲ. ತಂಗಿ ಮುನಿಗಂಗಮ್ಮನ ಮಗ ಲಕ್ಷ್ಮೀಪತಿ ಆಚೆ ದಡದಿಂದ ಹೊಸೂರು ಸುತ್ತಿಕೊಂಡು ಬಂದು ಹೇಳಿದ: "ಟೆಂಡರ್ ನಿಂತೋಯ್ತು ಮಾವ. ಯಾವ್ದೋ ಹೊರದೇಶದ ಕಂಪ್ನಿಗೆ ಸಿಗ್ಲಿ ಅಂತ ಆ ದೇಶದೋರೇ ಒಳಗಿಂದ ಷರತ್ತು ತಿದ್ದಿಸವ್ರಂತೆ. ಕೋರ್ಟು ತಡೆ ಕೊಟ್ಟೈತೆ."

ನಿಜವೋ ಸುಳ್ಳೋ ದೇವರೇ ಬಲ್ಲ. ಸಮುದ್ರದಾಚೆಯವರಿಗೆ ನಮ್ಮ ಈ ಹೊಳೆಯ ಮೇಲೇಕೆ ಕಣ್ಣು?

ಟೆಂಡರು ಕರೆದ ಸುದ್ದಿ ಕೇಳಿದೊಡನೆ ದಡದಲ್ಲಿ ಭೂಮಿಪೂಜೆ ನಡೆಸಿದ ಆತುರ ನಮ್ಮೂರಿನದು. ಇನ್ನು ತಂಗಿಯ ಮನೆಗೆ ಹೋದರೆ ಬಾಗಿನ ಹಿಡಿದು ಆ ಸೇತುವೆಯ ಮೇಲೆ ನಡೆದೇ ಹೋಗುವೆನೆಂದು ಅಲ್ಲಿ ಸಂಕಲ್ಪ ಮಾಡಿದವನು ನಾನು. ಹೀಗಾಗಿ ಹೋದ ವರ್ಷ ಅದನ್ನು ಲಕ್ಷ್ಮೀಪತಿಯ ಕೈಯಲ್ಲಿ ಕಳುಹಿಸಿದೆ.

"ಅಮ್ಮ ಆ ಮೊರ ಇನ್ನೂ ತೆಗ್ದು ನೋಡಿಲ್ಲ ಮಾವ," ಎಂದ ಲಕ್ಷ್ಮೀಪತಿ. "ಅಣ್ಣ ಕೈಯಾರೆ ಕೊಡ್ದೆ ಅದೆಂಥಾ ಬಾಗ್ನ ಅಂತಾಳೆ. ಸೇತ್ವೆ ಬರೋಗಂಟ ಯಮ ಕಾಯ್ತಾನಾ, ನಿಮ್ಮಾವನ್ನ ಕೇಳ್ಕೊಂಡು ಬಾ ಅಂದವ್ಳೆ."

ನಗು ಬಂದಿತು, ಬಹಳ ಹೊತ್ತು ಉಳಿಯಲಿಲ್ಲ. ಸಂಜೆ ದಡಕ್ಕೆ ಹೋಗಿ ನಿಂತೆ. ಆಚೆ ಅವಳ ಮನೆಯ ಹಂಚು ಕಾಣುತ್ತದೆ, ತುಳಸಿಯ ಮುಂದಿನ ದೀಪ ಕಾಣುತ್ತದೆ. ಅವಳ ಮುಖ ಮಾತ್ರ ಕಾಣುವುದಿಲ್ಲ. ಎರಡು ವರ್ಷದಿಂದ ಆ ದೀಪವನ್ನೇ ತಂಗಿಯೆಂದು ನೋಡಿ ಬರುತ್ತಿದ್ದೇನೆ.

ಸಂಕಲ್ಪಭಂಗಕ್ಕೆ ಪ್ರಾಯಶ್ಚಿತ್ತವುಂಟು, ಮಾಡಿಕೊಳ್ಳುವೆನು. ಹೊಸ ಮೊರಕ್ಕೆ ಅರಿಶಿನ ಹಚ್ಚಿ ಒಣಗಲಿಟ್ಟಿದ್ದೇನೆ. ಬೆಳಗಿನ ಆರೂವರೆಯ ಹೊಸೂರು ಬಸ್ಸಿಗೆ ಲಕ್ಷ್ಮೀಪತಿ ಎಬ್ಬಿಸುತ್ತಾನೆ. ಬಾಗಿಲಲ್ಲಿ ಅವಳು ಮೊದಲು ಬೈಯುವಳೋ, ಕಾಲಿಗೆ ನೀರು ಕೊಡುವಳೋ...